ಸುಡೊಕು ಬಿಡಿಸೋದಲ್ಲ, ಮಾಡೋದು ಹೇಗೆ?

ಕರಿಹಲಗೆ

ಎಲ್ಲರಿಗೂ ನಮಸ್ಕಾರ. ನಾನು ಪ್ರಾಥಮಿಕ ಶಾಲೆ ಟೀಚರ್. ನಮ್ಮ ಗೋಡೆ ಪತ್ರಿಕೆಗೆ ವಾರಕ್ಕೊಂದು ಸುಡೊಕು ಬೇಕು ಅಂತ ಮಕ್ಕಳೇ ಕೇಳಿದ್ದಾರೆ. ಪೇಪರಿನಿಂದ ಕತ್ತರಿಸಿ ಅಂಟಿಸಬಹುದು. ಆದರೆ 5ನೇ ಕ್ಲಾಸಿನವರಿಗೆ 9×9 ಜಾಸ್ತಿ ಆಗುತ್ತೆ. ಕನ್ನಡ ಅಂಕಿಯಲ್ಲಿ ಮಾಡಿದರೆ ಆ ಅಂಕಿಗಳೂ ರೂಢಿಯಾಗುತ್ತವೆ ಅಂತ ಇನ್ನೊಂದು ಆಸೆ. ಹಾಗಾಗಿ ನಾವೇ ಮಾಡೋಣ ಅಂತಿದ್ದೇವೆ. ಸಣ್ಣದರಿಂದ ಶುರು ಮಾಡಿ ನಿಧಾನಕ್ಕೆ 9×9ಕ್ಕೆ ಹೋಗಬೇಕು.

7ನೇ ಕ್ಲಾಸಿನ ಒಬ್ಬ ಹುಡುಗಿ ಇದನ್ನು ಮಾಡಿ ತಂದಿದ್ದಾಳೆ. 4×4. ಅಡ್ಡ ಸಾಲು, ಕಂಬ ಸಾಲು, 2×2 ಬಾಕ್ಸ್ ಮೂರರಲ್ಲೂ ೧ರಿಂದ ೪ ಒಂದೊಂದೇ ಸಲ ಬರಬೇಕು. ಹಾಕಬಹುದಾ?

೧ · · ೪
· · · ·
· · · ·
೪ · · ೧

ಚೌಕಾಬಾರ

ಹುಡುಗಿಗೆ ನನ್ನ ಕಡೆಯಿಂದ ಶಹಬ್ಬಾಸ್ ಹೇಳಿ. ನಾಲ್ಕು ಮೂಲೆಗೆ ನಾಲ್ಕು ಸುಳಿವು, ಕಣ್ಣಿಗೆ ಅಚ್ಚುಕಟ್ಟಾಗಿದೆ. ಆದರೆ ಹೀಗೇ ಹಾಕಬೇಡಿ, ಎರಡು ಉತ್ತರ ಬರುತ್ತೆ. ಇದು ಒಂದು:

೧ ೨ ೩ ೪
೩ ೪ ೧ ೨
೨ ೧ ೪ ೩
೪ ೩ ೨ ೧

ಇದು ಇನ್ನೊಂದು:

೧ ೩ ೨ ೪
೨ ೪ ೧ ೩
೩ ೧ ೪ ೨
೪ ೨ ೩ ೧

ಸುಳಿವುಗಳಲ್ಲಿ ೨ ಇಲ್ಲ, ೩ ಕೂಡ ಇಲ್ಲ. ಹಾಗಾಗಿ ಒಂದು ಉತ್ತರ ಸಿಕ್ಕ ಮೇಲೆ ೨ ಇದ್ದ ಕಡೆಯೆಲ್ಲ ೩, ೩ ಇದ್ದ ಕಡೆಯೆಲ್ಲ ೨ ಬರೆದರೆ ಅದೂ ಸರಿಯೇ. ಎರಡು ಅಂಕಿ ಪೂರ್ತಿ ಮಾಯ ಆಗಿದ್ದರೆ ಯಾವ ಸುಡೊಕುಗೂ ಇದೇ ಗತಿ. 4×4ರಲ್ಲಿ ಕನಿಷ್ಠ 3 ಬೇರೆ ಬೇರೆ ಅಂಕಿ ಸುಳಿವಿನಲ್ಲಿ ಕಾಣಬೇಕು. 9×9ರಲ್ಲಿ ಕನಿಷ್ಠ 8.

ಅವಳ ಚೌಕವನ್ನೇ ಇಟ್ಟುಕೊಳ್ಳಿ. ಸುಳಿವಿನ ಜಾಗ ಮಾತ್ರ ಬದಲಿಸಿ:

೧ · · ·
· · · ೨
· · · ೩
೪ · · ·

ಈಗಲೂ ನಾಲ್ಕೇ ಸುಳಿವು. ಮೊದಲ ಕಂಬ ನೋಡಿ. ನಡುವಿನ ಎರಡು ಮನೆಗೆ ೨, ೩ ಬರಬೇಕು. ಎರಡನೇ ಸಾಲಿನಲ್ಲಿ ಆಗಲೇ ೨ ಇದೆ, ಹಾಗಾಗಿ ಅಲ್ಲಿ ೩, ಅದರ ಕೆಳಗೆ ೨. ಕೊನೆ ಕಂಬಕ್ಕೆ ೧, ೪ ಬೇಕು. ಮೇಲಿನ ಸಾಲಿನಲ್ಲಿ ೧ ಇರೋದರಿಂದ ಮೇಲೆ ೪, ಕೆಳಗೆ ೧. ಮುಂದಿನದ್ದು ಮಕ್ಕಳೇ ಮುಗಿಸುತ್ತಾರೆ. ಎಲ್ಲೂ ಊಹೆ ಬೇಕಾಗಲ್ಲ. 4×4ರಲ್ಲಿ ಇದಕ್ಕಿಂತ ಕಡಿಮೆ ಸುಳಿವಿಗೆ ಇಳಿಯೋಕೂ ಆಗಲ್ಲ, ನಾಲ್ಕೇ ಕನಿಷ್ಠ.

ಕರಿಹಲಗೆ

ಆಹಾ, ಚೆನ್ನಾಗಿದೆ! ಒಂದು ಪೆದ್ದು ಪ್ರಶ್ನೆ. ಎರಡು ಉತ್ತರ ಇದ್ದರೆ ಏನು ತೊಂದರೆ? ಯಾವುದು ಬರೆದರೂ ಸರಿ ಅಂತ ಕೊಟ್ಟರೆ ಆಗಲ್ವಾ?

ಸಂಜೆಪೇಪರ್

ಪೆದ್ದು ಪ್ರಶ್ನೆ ಏನಲ್ಲ. ಆದರೆ ಆಗಲ್ಲ. ಎರಡು ಉತ್ತರ ಇರೋ ಸುಡೊಕುವಿನಲ್ಲಿ ಎಲ್ಲೋ ಒಂದು ಕಡೆ ತರ್ಕ ನಿಂತುಹೋಗುತ್ತೆ. "ಇಲ್ಲಿ ಇದೇ ಬರಬೇಕು, ಯಾಕೆಂದರೆ..." ಅಂತ ಹೇಳೋಕೆ ಆಗಲ್ಲ, ನಾಣ್ಯ ಚಿಮ್ಮಬೇಕು. ನಾನು ದಿನಾ ಬೆಳಗ್ಗೆ ಕಾಫಿ ಜೊತೆ ಸುಡೊಕು ಬಿಡಿಸೋನು. ಮುಕ್ಕಾಲು ಗಂಟೆ ತಲೆ ಕೆರೆದುಕೊಂಡು, ಕೊನೆಗೆ ನಾಲ್ಕು ಮನೆ ಹೇಗೆ ಬರೆದರೂ ನಡೆಯುತ್ತೆ ಅಂತ ಗೊತ್ತಾದರೆ ಪೇಪರ್ ಹರಿದುಹಾಕೋಣ ಅನ್ನಿಸುತ್ತೆ. ಒಂದು ಸ್ಮರಣ ಸಂಚಿಕೆಯಲ್ಲಿ ಹಾಗೇ ಆಯ್ತು. ಯಾವುದು ಅಂತ ಹೇಳಲ್ಲ ಬಿಡಿ.

ಕೋಡುಬಳೆ

ಇಷ್ಟಕ್ಕೆಲ್ಲ ಯಾಕೆ ತಲೆಬಿಸಿ ಮಾಡ್ಕೋತೀರಿ? ಕಂಪ್ಯೂಟರ್ ಇದೆಯಲ್ಲ. ನಾನು ಮಾಡೋದು ಹೀಗೆ.

ಮೊದಲು ಪೂರ್ತಿ ತುಂಬಿದ ಚೌಕ ಒಂದು ಬೇಕು. ಅದರಿಂದ ಒಂದು ಮನೆ ಅಳಿಸಿ. ಈಗ ಉತ್ತರ ಒಂದೇನಾ ಅಂತ ಪ್ರೋಗ್ರಾಮ್ ಕೈಲಿ ನೋಡಿಸಿ. ಹೌದಾದರೆ ಇನ್ನೊಂದು ಅಳಿಸಿ. ಎರಡನೇ ಉತ್ತರ ಸಿಕ್ಕರೆ ಆ ಮನೆ ವಾಪಸ್ ಹಾಕಿ, ಬೇರೆ ಮನೆ ಪ್ರಯತ್ನಿಸಿ. ಎಷ್ಟು ಉತ್ತರ ಇವೆ ಅಂತ ಪೂರ್ತಿ ಎಣಿಸಬೇಕಿಲ್ಲ, ಎರಡನೆಯದು ಕಂಡ ಕೂಡಲೇ ನಿಲ್ಲಿಸಿದರೆ ಸಾಕು. 81 ಮನೆಗೂ ಒಂದು ಸುತ್ತು ಹಾಕಿದ ಮೇಲೆ ಉಳಿಯೋದು ಸಾಮಾನ್ಯವಾಗಿ 22ರಿಂದ 27ರ ಒಳಗಿನ ಸುಳಿವು. ಕಣ್ಣು ಮಿಟುಕಿಸೋದ್ರಲ್ಲಿ ಮುಗಿಯುತ್ತೆ.

ಒಳಗೆ ಏನಾಗುತ್ತೆ ಅಂದರೆ: 81 ಮನೆ, ಒಂದೊಂದಕ್ಕೆ 9 ಅಂಕಿ, ಒಟ್ಟು 729 ಆಯ್ಕೆ. ಪಾಲಿಸಬೇಕಾದ ಷರತ್ತು 324. ಪ್ರತಿ ಷರತ್ತೂ ಸರಿಯಾಗಿ ಒಂದು ಸಲ ತುಂಬಬೇಕು. ಡೊನಾಲ್ಡ್ ಕ್ನೂತ್ ಅವರ 'ಡ್ಯಾನ್ಸಿಂಗ್ ಲಿಂಕ್ಸ್' ವಿಧಾನ ಇಂಥದ್ದಕ್ಕೇ ಹೇಳಿ ಮಾಡಿಸಿದ ಹಾಗಿದೆ.

ತುಂಬಿದ ಚೌಕ ಕೈಯಲ್ಲೇ ಬರೆಯಬಹುದು. ಮೊದಲ ಸಾಲು 123456789. ಎರಡನೆಯದು ಮೂರು ಮನೆ ಸರಿಸಿ 456789123. ಮೂರನೆಯದು 789123456. ನಾಲ್ಕನೆಯದಕ್ಕೆ ಪ್ರತಿ ಮೂರರ ಗುಂಪಿನೊಳಗೆ ಒಂದು ಮನೆ ಸರಿಸಿ 231564897. ಹೀಗೇ ಮುಂದೆ. ಆಮೇಲೆ ಸಾಲುಗಳನ್ನು ಕಲೆಸಿಬಿಡಿ.

ಚೌಕಾಬಾರ

> ಎರಡನೆಯದು ಕಂಡ ಕೂಡಲೇ ನಿಲ್ಲಿಸಿದರೆ ಸಾಕು

ಇದು ಸರಿಯಾದ ಮಾತು. ಆದರೆ ಟೀಚರ್ ಕೈಲಿ ಇರೋದು ಪೆನ್ಸಿಲ್ ಮತ್ತು ರಬ್ಬರ್. ಕೈಯಲ್ಲಿ ಮಾಡೋರು ಎರಡನೇ ಉತ್ತರವನ್ನು ಮೊದಲೇ ಮೂಸಿ ನೋಡೋಕೆ ಒಂದು ಉಪಾಯ ಇದೆ.

ತುಂಬಿದ ಚೌಕದಲ್ಲಿ ಆಯತ ಹುಡುಕಿ. ನಾಲ್ಕು ಮನೆ: ಎರಡು ಸಾಲು, ಎರಡು ಕಂಬ, ಆದರೆ ಎರಡೇ ಬಾಕ್ಸ್. ಒಂದು ಸಾಲಿನಲ್ಲಿ ೧, ೩ ಇದೆ, ಇನ್ನೊಂದರಲ್ಲಿ ಅದೇ ಕಂಬಗಳಲ್ಲಿ ೩, ೧ ಇದೆ ಅನ್ನಿ. ಈ ನಾಲ್ಕನ್ನೂ ಅದಲುಬದಲು ಮಾಡಿದರೆ ಸಾಲಿಗೂ ಗೊತ್ತಾಗಲ್ಲ, ಕಂಬಕ್ಕೂ ಗೊತ್ತಾಗಲ್ಲ, ಬಾಕ್ಸಿಗೂ ಗೊತ್ತಾಗಲ್ಲ. ಹಾಗಾಗಿ ಆ ನಾಲ್ಕರಲ್ಲಿ ಒಂದಾದರೂ ಸುಳಿವಾಗಿ ಇರಲೇಬೇಕು. ಇಲ್ಲದಿದ್ದರೆ ಉಳಿದ 77 ಮನೆ ತುಂಬಿ ಕೊಟ್ಟರೂ 9×9ಕ್ಕೆ ಎರಡು ಉತ್ತರ ಉಳಿಯುತ್ತೆ!

ಆ ಹುಡುಗಿಯ 4×4ರಲ್ಲಿ ಮೊದಲ ಎರಡು ಸಾಲು ನೋಡಿ. 1ನೇ ಮತ್ತು 3ನೇ ಕಂಬದಲ್ಲಿ ೧ ೩ / ೩ ೧. 2ನೇ ಮತ್ತು 4ನೇ ಕಂಬದಲ್ಲಿ ೨ ೪ / ೪ ೨. ಇಂಥ ಆಯತ ಅದರಲ್ಲಿ ಒಟ್ಟು 8 ಇವೆ. ಒಂದು ಮನೆ ಎರಡು ಆಯತಕ್ಕೆ ಸೇರಿರುತ್ತೆ. ಹಾಗಾಗಿ ನಾಲ್ಕು ಸುಳಿವಿಲ್ಲದೆ ಎಂಟನ್ನೂ ಮುಟ್ಟೋಕೆ ಆಗಲ್ಲ. ಅವಳ ನಾಲ್ಕು ಮೂಲೆಗಳೂ ಎಂಟನ್ನು ಮುಟ್ಟಿದ್ದವು, ಮಜಾ ಅಂದರೆ ಅದು. ಆ ಲೆಕ್ಕದಲ್ಲಿ ಅವಳು ಪಾಸ್. ೨, ೩ ಮಾಯ ಆಗಿದ್ದಕ್ಕೆ ಮಾತ್ರ ಸಿಕ್ಕಿಹಾಕಿಕೊಂಡಿದ್ದು.

ಗಣಿತಗಂಗೆ

ಚೌಕಾಬಾರ ಅವರು ಹೇಳಿದ ಆಯತದ ಉಪಾಯ ಮಕ್ಕಳಾಟ ಅಂತ ಅನ್ಕೋಬೇಡಿ. 9×9 ಸುಡೊಕುಗೆ ಕನಿಷ್ಠ ಎಷ್ಟು ಸುಳಿವು ಬೇಕು ಅನ್ನೋ ಪ್ರಶ್ನೆ ಇತ್ಯರ್ಥ ಆಗಿದ್ದು ಇದೇ ದಾರಿಯಲ್ಲಿ. 17 ಸುಳಿವಿನವು ಸಾವಿರಾರು ಸಿಕ್ಕಿದ್ದವು. ಆಸ್ಟ್ರೇಲಿಯಾದ ಗಾರ್ಡನ್ ರಾಯ್ಲ್ ಒಬ್ಬರ ಸಂಗ್ರಹದಲ್ಲೇ 49,000ಕ್ಕೂ ಹೆಚ್ಚು ಇದ್ದವು. 16ರದ್ದು ಒಂದೂ ಸಿಕ್ಕಿರಲಿಲ್ಲ. ಆದರೆ ಸಿಕ್ಕಿಲ್ಲ ಅಂದಮಾತ್ರಕ್ಕೆ ಇಲ್ಲ ಅಂತ ಆಗಲ್ವಲ್ಲ.

2012ರ ಜನವರಿಯಲ್ಲಿ ಯೂನಿವರ್ಸಿಟಿ ಕಾಲೇಜ್ ಡಬ್ಲಿನ್‌ನ ಗ್ಯಾರಿ ಮೆಕ್‌ಗೈರ್ ಮತ್ತು ಜೊತೆಗಾರರು 16ರದ್ದು ಇಲ್ಲವೇ ಇಲ್ಲ ಅಂತ ತೋರಿಸಿದರು. ತುಂಬಿದ ಚೌಕಗಳು ಒಟ್ಟು 6,670,903,752,021,072,936,960. ಇಷ್ಟನ್ನೂ ನೋಡೋದು ಯಾರ ಕೈಲೂ ಆಗಲ್ಲ. ಆದರೆ ಸಾಲು ಅದಲುಬದಲು, ತಿರುಗಿಸೋದು, ಅಂಕಿಗಳಿಗೆ ಬೇರೆ ಹೆಸರಿಡೋದು, ಇವೆಲ್ಲ ಒಂದೇ ಅಂತ ಲೆಕ್ಕ ಹಾಕಿದರೆ ಉಳಿಯೋದು 5,472,730,538. ಅಷ್ಟನ್ನೂ ಒಂದೊಂದಾಗಿ ತಗೊಂಡು, ಪ್ರತಿಯೊಂದರಲ್ಲೂ ಇಂಥ ಅದಲುಬದಲಾಗೋ ಗುಂಪುಗಳನ್ನು ಹುಡುಕಿ, 16 ಮನೆಯಿಂದ ಎಲ್ಲಾ ಗುಂಪನ್ನೂ ಮುಟ್ಟೋಕೆ ಆಗುತ್ತಾ ಅಂತ ಕಂಪ್ಯೂಟರಿನಿಂದ ನೋಡಿಸಿದರು.

ಈಗ ಕೋಡುಬಳೆಯವರ ಚೌಕದ ವಿಷಯಕ್ಕೆ ಬರ್ತೀನಿ. 123456789, 456789123 ಅಂತ ಸರಿಸಿ ಬರೆದದ್ದರಲ್ಲಿ ನಾಲ್ಕು ಮನೆಯ ಆಯತ ಇಲ್ಲ. ಬದಲಿಗೆ ಆರು ಮನೆಯ ಗುಂಪುಗಳಿವೆ. ಮೊದಲ ಎರಡು ಸಾಲಿನ 1, 4, 7ನೇ ಕಂಬ ನೋಡಿ: ಮೇಲೆ 1 4 7, ಕೆಳಗೆ 4 7 1. ಮೇಲಿನದ್ದು ಕೆಳಗೆ, ಕೆಳಗಿನದ್ದು ಮೇಲೆ ಹಾಕಿ. ಏನೂ ಕೆಡಲ್ಲ. ಇಂಥವು ಅಡ್ಡಕ್ಕೆ 27, ಉದ್ದಕ್ಕೆ 27, ಒಟ್ಟು 54 ಇವೆ. ಎಲ್ಲವನ್ನೂ ಸುಳಿವು ಮುಟ್ಟಬೇಕು.

"ಆಮೇಲೆ ಸಾಲುಗಳನ್ನು ಕಲೆಸಿಬಿಡಿ" ಅಂದರಲ್ಲ, ಎಷ್ಟು ಕಲೆಸಿದರೂ ಆ 54 ಎಲ್ಲೂ ಹೋಗಲ್ಲ, ಜಾಗ ಮಾತ್ರ ಬದಲಿಸುತ್ತವೆ. 547 ಕೋಟಿ ಬಗೆಯ ಚೌಕ ಇರುವಾಗ ನೀವು ಪ್ರತಿ ಸಲ ಅದೇ ಒಂದಕ್ಕೆ ಬೇರೆ ಬೇರೆ ವೇಷ ಹಾಕಿ ಕೊಟ್ಟ ಹಾಗಾಯ್ತು.

ಕೋಡುಬಳೆ

ಸರಿ ಸರಿ. ಖಾಲಿ ಚೌಕದಿಂದ ಯಾದೃಚ್ಛಿಕವಾಗಿ ತುಂಬೋ ಹಾಗೆ ಪ್ರೋಗ್ರಾಮ್ ಬರೆದರೆ ಆಯ್ತು, ನಾಲ್ಕು ಸಾಲು ಕೋಡ್. ಆದರೂ ಮೂಲ ಪ್ರಶ್ನೆ ಹಾಗೇ ಇದೆ. ಯಂತ್ರ ಮಾಡೋ ಕೆಲಸಕ್ಕೆ ಕೈ ಯಾಕೆ?

ಸಂಜೆಪೇಪರ್

ಬಿಡಿಸೋನನ್ನ ಕೇಳಿ, ನಾನು ಹೇಳ್ತೀನಿ.

ಯಂತ್ರ ಅಳಿಸಿ ಮಾಡಿದ್ದರಲ್ಲಿ ದಾರಿಯೇ ಇರಲ್ಲ. ಶುರುವಿನಲ್ಲಿ ಹತ್ತು ಅಂಕಿ ಪುಕ್ಕಟೆ ಸಿಗುತ್ತೆ. ಆಮೇಲೆ ಇದ್ದಕ್ಕಿದ್ದ ಹಾಗೆ ಗೋಡೆ. ಆ ಗೋಡೆ ಹಾರಿದರೆ ಮತ್ತೆ ಎಲ್ಲಾ ಪುಕ್ಕಟೆ. ಕೈಯಲ್ಲಿ ಮಾಡಿದ್ದರಲ್ಲಿ ಯಾರೋ ಒಬ್ಬರು ಎದುರಿಗೆ ಕೂತು "ಇಲ್ಲಿ ನೋಡಿದ್ರಾ? ಈಗ ಅಲ್ಲಿ ನೋಡಿ" ಅನ್ನುತ್ತಿರುತ್ತಾರೆ. ಜಪಾನಿನ ನಿಕೋಲಿ ಪತ್ರಿಕೆಯವರು ಇದನ್ನು ಮೊದಲಿಂದಲೂ ಹಿಡಿದುಕೊಂಡು ಬಂದಿದ್ದಾರೆ. ಈ ಆಟ ಹುಟ್ಟಿದ್ದು ಅಮೆರಿಕದಲ್ಲಿ. 1979ರಲ್ಲಿ ಡೆಲ್ ಪತ್ರಿಕೆಯಲ್ಲಿ 'ನಂಬರ್ ಪ್ಲೇಸ್' ಅಂತ ಬಂತು. ಮಾಡಿದ್ದು ಇಂಡಿಯಾನಾಪೊಲಿಸ್‌ನ ಹೋವರ್ಡ್ ಗಾರ್ನ್ಸ್ ಅನ್ನೋ ವಾಸ್ತುಶಿಲ್ಪಿ ಅಂತ ನಂಬಿಕೆ. 1984ರಲ್ಲಿ ಮಾಕಿ ಕಾಜಿಯವರ ನಿಕೋಲಿ ಅದನ್ನು ಜಪಾನಿಗೆ ತಂದಿತು. 1986ರಲ್ಲಿ ಎರಡು ಕಟ್ಟುಪಾಡು ಹಾಕಿಕೊಂಡರು. ಸುಳಿವು 32ಕ್ಕಿಂತ ಜಾಸ್ತಿ ಇರಬಾರದು. ಸುಳಿವಿನ ಜಾಗಗಳು ಸಮವಾಗಿ ಹೊಂದಬೇಕು, ಅಂದರೆ ಪುಟ ತಲೆಕೆಳಗೆ ತಿರುಗಿಸಿದರೂ ಅದೇ ವಿನ್ಯಾಸ ಕಾಣಬೇಕು.

ಯಂತ್ರದ ಕಾಲ ಶುರು ಮಾಡಿದ್ದು ವೇಯ್ನ್ ಗೌಲ್ಡ್. ಹಾಂಗ್‌ಕಾಂಗ್‌ನಲ್ಲಿ ಜಡ್ಜ್ ಆಗಿದ್ದ ನ್ಯೂಜಿಲೆಂಡಿನವರು. 1997ರಲ್ಲಿ ಟೋಕಿಯೊದ ಪುಸ್ತಕದಂಗಡಿಯಲ್ಲಿ ಇದನ್ನು ನೋಡಿ, ವರ್ಷಗಟ್ಟಲೆ ಕೂತು ಸುಡೊಕು ಮಾಡೋ ಪ್ರೋಗ್ರಾಮ್ ಬರೆದರು. 2004ರ ನವೆಂಬರ್ 12ಕ್ಕೆ ಲಂಡನ್ನಿನ 'ದ ಟೈಮ್ಸ್'ನಲ್ಲಿ ಬಂತು. ಆಮೇಲೆ ನಮ್ಮ ಪೇಪರುಗಳವರೆಗೂ ಬಂತು. ಅವರಿಗೆ ಕೃತಜ್ಞತೆ ಇದೆ. ಆದರೂ ರುಚಿ ಬೇರೆ.

ಕೋಡುಬಳೆ

ರುಚಿ ಬೇರೆ ಅನ್ನೋದು ವಾದ ಅಲ್ಲ ಸಾರ್ :) ಯಾರು ಮಾಡಿದ್ದು ಅಂತ ಹೇಳದೆ ಎರಡು ಕೊಟ್ಟರೆ ಕಂಡುಹಿಡೀತೀರಾ?

ಸಂಜೆಪೇಪರ್

ಕೊಟ್ಟು ನೋಡಿ.

ಚೌಕಾಬಾರ

ಜಗಳ ಬೇಡ. ಇಬ್ಬರದ್ದೂ ಬೇಕು. ನಾನು ಕೈಯಲ್ಲಿ ಮಾಡ್ತೀನಿ, ಉತ್ತರ ಒಂದೇನಾ ಅಂತ ಕೊನೆಗೆ ಯಂತ್ರದ ಕೈಲಿ ನೋಡಿಸ್ತೀನಿ. ಟೀಚರ್ ಕೇಳಿದ್ದು ಮಾಡೋದು ಹೇಗೆ ಅಂತ. 9×9 ಕೈಯಲ್ಲಿ ಕಟ್ಟೋ ವಿಧಾನ ಹೇಳ್ತೀನಿ, ಸ್ವಲ್ಪ ಉದ್ದ ಆಗುತ್ತೆ.

ತುಂಬಿದ ಚೌಕದಿಂದ ಶುರು ಮಾಡಲೇಬೇಡಿ. ಖಾಲಿ ಚೌಕ ಬರೆಯಿರಿ. ಅಂಕಿ ಆಮೇಲೆ. ಮೊದಲು ಸುಳಿವು ಎಲ್ಲಿ ಬರಬೇಕೋ ಆ ಮನೆಗಳಲ್ಲಿ ರಂಗೋಲಿಗೆ ಇಟ್ಟ ಹಾಗೆ ಚುಕ್ಕೆ ಇಡಿ. ಇಲ್ಲೊಂದು ಇಟ್ಟರೆ ನಡುಮನೆಯ ಆಚೆ ಅಷ್ಟೇ ದೂರದಲ್ಲಿ ಅದರ ಜೋಡಿ. ಹೊಸಬರಿಗೆ 28ರಿಂದ 32 ಚುಕ್ಕೆ ಸರಿ. ಪೂರ್ತಿ ಖಾಲಿ ಬಾಕ್ಸ್ ಒಂದಿದ್ದರೆ ಪರವಾಗಿಲ್ಲ. ಆದರೆ ಒಂದೇ ಪಟ್ಟಿಯ ಎರಡು ಅಡ್ಡ ಸಾಲು ಪೂರ್ತಿ ಖಾಲಿ ಬಿಡಬೇಡಿ. ಅಂದರೆ 1, 2, 3ನೇ ಸಾಲಿನಲ್ಲಿ ಯಾವ ಎರಡರಲ್ಲೂ ಚುಕ್ಕೆ ಇಲ್ಲ ಅನ್ನೋ ಹಾಗೆ ಆಗಬಾರದು. ಆ ಎರಡು ಸಾಲನ್ನು ಹಾಗೇ ಅದಲುಬದಲು ಮಾಡಬಹುದು, ಎರಡು ಉತ್ತರ ಗ್ಯಾರಂಟಿ. ಕಂಬಕ್ಕೂ ಇದೇ ಮಾತು.

ಈಗ ಬಾಗಿಲು ತೆರೆಯೋ ಮೊದಲ ಹೆಜ್ಜೆ ನೀವೇ ನಿರ್ಧರಿಸಿ. ಎಡ ಮೇಲಿನ ಬಾಕ್ಸ್‌ನಲ್ಲಿ 7 ಸಿಗಬೇಕು ಅಂತಿಟ್ಟುಕೊಳ್ಳಿ. 1ನೇ ಸಾಲಿನಲ್ಲಿ ನಡು ಬಾಕ್ಸಿನ ಒಂದು ಚುಕ್ಕೆಗೆ 7 ಬರೆಯಿರಿ. 2ನೇ ಸಾಲಿನಲ್ಲಿ ಬಲ ಬಾಕ್ಸಿನ ಚುಕ್ಕೆಗೆ 7. ಈಗ ಎಡ ಬಾಕ್ಸಿನ 7 3ನೇ ಸಾಲಿಗೇ ಬರಬೇಕು. ಅಲ್ಲಿ ಮೂರು ಮನೆ. ಒಂದರಲ್ಲಿ ಚುಕ್ಕೆ ಇದ್ದರೆ ಬೇರೆ ಅಂಕಿ ಕೂರಿಸಿ. ಇನ್ನೊಂದರ ಕಂಬದಲ್ಲಿ ಕೆಳಗೆಲ್ಲಾದರೂ 7 ಇಡಿ. ಉಳಿದದ್ದು ಒಂದೇ ಮನೆ. ಬಿಡಿಸುವವರ ಕಣ್ಣು ಮೊದಲು ಅಲ್ಲಿಗೇ ಹೋಗುತ್ತೆ.

ಮುಂದೆ ನೀವೂ ಬಿಡಿಸುತ್ತಾ ಹೋಗಿ. ಇಟ್ಟಿರೋ ಅಂಕಿಗಳಿಂದ ಎಷ್ಟು ಮನೆ ತಾನಾಗಿ ತುಂಬುತ್ತೋ ಅಷ್ಟನ್ನು ಪೆನ್ಸಿಲ್‌ನಲ್ಲಿ ತುಂಬಿ. ಸುಳಿವು ಪೆನ್ನಿನಲ್ಲಿ, ಬಿಡಿಸಿದ್ದು ಪೆನ್ಸಿಲ್‌ನಲ್ಲಿ. ಈ ಶಿಸ್ತು ತಪ್ಪಬೇಡಿ. ನಿಂತುಹೋದಾಗ ಇನ್ನೂ ಖಾಲಿ ಇರೋ ಚುಕ್ಕೆಗೆ ಹೋಗಿ. ಅಲ್ಲಿಗೆ ಯಾವ್ಯಾವ ಅಂಕಿ ಬರಬಹುದು ಅಂತ ಪಕ್ಕದಲ್ಲಿ ಬರೆಯಿರಿ. 2, 5, 8 ಬರಬಹುದು ಅನ್ನಿ. 2 ಹಾಕಿದರೆ ಏನೂ ಮುಂದುವರಿಯಲ್ಲ. 5 ಹಾಕಿದರೆ ಎಂಟು ಮನೆ ಒಟ್ಟಿಗೆ ಬಿದ್ದುಹೋಗುತ್ತೆ. 8 ಹಾಕಿದರೆ ಒಂದೇ ಮನೆ ಸಿಗುತ್ತೆ, ಅದೂ ದೂರದ ಮೂಲೆಯಲ್ಲಿ. ಇಲ್ಲಿ ಆರಿಸೋದೇ ನಿಮ್ಮ ಕೈಗುಣ. ನಾನಾದರೆ 8 ಹಾಕ್ತೀನಿ. ಯಾವ ಯಂತ್ರವೂ ಆ ಕಾರಣಕ್ಕೆ ಅದನ್ನು ಆರಿಸಲ್ಲ.

ಕೊನೆಯ ನಾಲ್ಕೈದು ಚುಕ್ಕೆ ಕಷ್ಟ. ಏನು ಹಾಕಿದರೂ ಎಲ್ಲೋ ಒಂದು ಕಡೆ ಒಂದೇ ಸಾಲಿಗೆ ಎರಡು 3 ಬರೋ ಹಾಗಾಗುತ್ತೆ. ಆಗ ಪೂರ್ತಿ ಅಳಿಸಬೇಡಿ, ಎರಡು ಮೂರು ಆಯ್ಕೆ ಹಿಂದಕ್ಕೆ ಹೋಗಿ. ಅದಕ್ಕೇ ಪ್ರತಿ ಚುಕ್ಕೆಯ ಪಕ್ಕದ ಪಟ್ಟಿ ಉಳಿಸಿಕೊಂಡಿರಬೇಕು.

ಕರಿಹಲಗೆ

ಓದಿ ತಲೆ ಗಿರ್ ಅಂತು, ಆದರೆ ಅರ್ಥ ಆಯ್ತು. ಸುಲಭ, ಕಷ್ಟ ಅಂತ ಹೇಗೆ ಗುರುತು ಹಾಕ್ತೀರಿ? ಸುಳಿವು ಕಡಿಮೆ ಇದ್ದರೆ ಕಷ್ಟ ಅಂತಾನಾ?

ಗಣಿತಗಂಗೆ

ಹಾಗೇನಿಲ್ಲ. 17 ಸುಳಿವಿನ ಎಷ್ಟೋ ಸುಡೊಕುಗಳು "ಈ ಬಾಕ್ಸ್‌ನಲ್ಲಿ ಈ ಅಂಕಿಗೆ ಒಂದೇ ಜಾಗ" ಅನ್ನೋ ಒಂದೇ ಬಗೆಯ ಯೋಚನೆಯಿಂದ ಪೂರ್ತಿ ಮುಗಿಯುತ್ತವೆ. 26 ಸುಳಿವಿದ್ದೂ ಬೆವರಿಳಿಸೋವು ಇವೆ.

ಚೌಕಾಬಾರ

ಕಷ್ಟ ಅಳೆಯೋಕೆ ಎರಡು ವಿಷಯ ನೋಡಿ. ಒಂದು, ಬೇಕಾದ ಉಪಾಯ ಎಷ್ಟು ಆಳದ್ದು. ಇನ್ನೊಂದು, ಒಂದು ಹೊತ್ತಿನಲ್ಲಿ ಎಷ್ಟು ಬಾಗಿಲು ತೆರೆದಿವೆ. ಎಲ್ಲಾ ಹೆಜ್ಜೆಯೂ ಸುಲಭದ್ದೇ ಇದ್ದು, ಪ್ರತಿ ಸಲ ಇಡೀ ಚೌಕದಲ್ಲಿ ಒಂದೇ ಕಡೆ ಮುಂದುವರಿಯೋಕೆ ಆಗೋದಾದರೆ ಅದು ಕಷ್ಟದ ಸುಡೊಕುನೇ. ಹುಡುಕೋದ್ರಲ್ಲೇ ಸಮಯ ಹೋಗುತ್ತೆ.

ಮಕ್ಕಳಿಗೆ ಎರಡನೇ ಹಂತದ ಉಪಾಯ ಬೇಕಾದರೆ ಇದು ಚೆನ್ನ. ಎಡ ಬಾಕ್ಸ್‌ನಲ್ಲಿ 7 ಎರಡೇ ಮನೆಗೆ ಹೋಗಬಹುದು, ಎರಡೂ 3ನೇ ಸಾಲಿನಲ್ಲೇ ಇವೆ ಅನ್ನಿ. ಯಾವ ಮನೆ ಅಂತ ಗೊತ್ತಿಲ್ಲ. ಆದರೂ 3ನೇ ಸಾಲಿನ ಉಳಿದ ಆರು ಮನೆಯಲ್ಲಿ 7 ಬರಲ್ಲ ಅಂತ ಖಾತ್ರಿ. ಎಲ್ಲಿದೆ ಅಂತ ಗೊತ್ತಾಗದೆಯೇ ಎಲ್ಲಿಲ್ಲ ಅಂತ ಗೊತ್ತಾಗುತ್ತೆ. ಇದು ಮೊದಲ ಸಲ ಹೊಳೆದಾಗ ಮಕ್ಕಳ ಮುಖ ನೋಡಬೇಕು.

ಕೋಡುಬಳೆ

ಅಳೆಯೋಕೆ 'ಹೊಡೊಕು' ಅಂತ ಉಚಿತ ಪ್ರೋಗ್ರಾಮ್ ಇದೆ. ಸುಡೊಕು ಕೊಟ್ಟರೆ ಯಾವ ಯಾವ ಉಪಾಯ ಬೇಕಾಯ್ತು ಅಂತ ಹೆಜ್ಜೆ ಹೆಜ್ಜೆಯಾಗಿ ಹೇಳಿ ಅಂಕ ಕೊಡುತ್ತೆ. ಫೋನಿನಲ್ಲಿ ಗೆಳೆಯರಿಗೆ ಕಳಿಸಿ ಬಿಡಿಸೋಕೆ ಹೇಳಬೇಕಾದರೆ 'ಸುಡೊಕುಪ್ಯಾಡ್' ಒಳ್ಳೇದು. ಆದರೆ ಒಬ್ಬ ಮನುಷ್ಯನ ಕೈಲಿ ಬಿಡಿಸಿ, ಪಕ್ಕದಲ್ಲಿ ಸುಮ್ನೆ ಕೂತು ನೋಡಿ. ಎಲ್ಲಿ ಪೆನ್ಸಿಲ್ ಕಚ್ಚುತ್ತಾರೆ ಅಂತ ಯಾವ ಪ್ರೋಗ್ರಾಮೂ ಹೇಳಲ್ಲ. (ಸಂಜೆಪೇಪರ್ ಸಾರ್, ಒಪ್ಪಿಕೊಂಡೆ ಅಂತ ಅಂದ್ಕೋಬೇಡಿ.)

ಅಕ್ಷರಗೊಂಬೆ

ಅಂಕಿಯೇ ಯಾಕೆ ಬೇಕು? ಸುಡೊಕುವಿನಲ್ಲಿ ಕೂಡೋದು ಕಳೆಯೋದು ಏನೂ ಇಲ್ವಲ್ಲ. ಚೌಕಾಬಾರ ಅವರ 4×4 ತಗೊಂಡು ೧ಕ್ಕೆ ಮ, ೨ಕ್ಕೆ ಡಿ, ೩ಕ್ಕೆ ಕೇ, ೪ಕ್ಕೆ ರಿ ಅಂತ ಹಾಕಿದೆ:

ಮ · · ·
· · · ಡಿ
· · · ಕೇ
ರಿ · · ·

ಬಿಡಿಸಿದರೆ ಮೇಲಿನ ಸಾಲಿನಲ್ಲಿ ಊರಿನ ಹೆಸರು! ಧಾರವಾಡ, ಶಿವಮೊಗ್ಗ, ಚಿತ್ರದುರ್ಗ ಎಲ್ಲಾ ನಾಲ್ಕಕ್ಷರ. 6×6ಕ್ಕೆ ಬಸವನಗುಡಿ, ಚಿಕ್ಕಮಗಳೂರು. ಅಕ್ಷರ ಮರುಕಳಿಸಬಾರದು ಅಷ್ಟೇ. 9ಕ್ಕೆ ಮಾತ್ರ ಊರು ಸಿಗ್ತಿಲ್ಲ. ಚಿಕ್ಕನಾಯಕನಹಳ್ಳಿ ಎಂಟಕ್ಕೆ ನಿಂತುಹೋಯ್ತು.

ಸಂಜೆಪೇಪರ್

ಚಿಕ್ಕನಾಯಕನಹಳ್ಳಿಗೆ. ಒಂಬತ್ತಾಯ್ತು ನೋಡಿ. ಟಿಕೆಟ್ ತಗೊಳ್ಳಿ.

ಅಕ್ಷರಗೊಂಬೆ

😂😂 ಮುಗೀತು, ಇದೇ ಹಾಕೋದು.

ಕೋಡುಬಳೆ

ನ, ನಾ ಎರಡೂ ಇವೆ. ಕ, ಕ್ಕ ಎರಡೂ ಇವೆ. ಬಿಡಿಸೋರು ನಿಮ್ಮನ್ನ ಹುಡುಕಿಕೊಂಡು ಬರ್ತಾರೆ.

ಗಣಿತಗಂಗೆ

ಮಕ್ಕಳಿಗೆ ಕೊಡುವಾಗ ಇದು ನಿಜವಾಗಿ ಗಮನಿಸಬೇಕಾದ್ದು. ಕಣ್ಣಾಡಿಸಿದ ಕೂಡಲೇ ಬೇರೆ ಬೇರೆ ಅಂತ ಗೊತ್ತಾಗಬೇಕು. ಕನ್ನಡ ಅಂಕಿಗಳಲ್ಲೂ ೬, ೯ ಅವಸರದ ಕೈಬರಹದಲ್ಲಿ ಒಂದೇ ಥರ ಕಾಣುತ್ತವೆ. 6×6ವರೆಗೆ ತೊಂದರೆ ಇಲ್ಲ.

ಕರಿಹಲಗೆ

6×6 ಒಂದು ಕೈಯಲ್ಲಿ ಮಾಡಿದ್ದು ಯಾರಾದರೂ ತೋರಿಸ್ತೀರಾ? ಹೇಗೆ ಯೋಚಿಸಿದಿರಿ ಅನ್ನೋದರ ಸಮೇತ.

ಚೌಕಾಬಾರ

ತಗೊಳ್ಳಿ. ಬಾಕ್ಸ್ ಎರಡು ಸಾಲು ಎತ್ತರ, ಮೂರು ಮನೆ ಅಗಲ. ೧ರಿಂದ ೬. ಪುಟ ತಲೆಕೆಳಗೆ ಮಾಡಿದರೂ ಸುಳಿವಿನ ಜಾಗ ಬದಲಾಗಲ್ಲ.

೩ · · · ೨ ·
· · ೪ · · ·
· ೧ · ೨ · ·
· · ೫ · ೧ ·
· · · ೪ · ·
· ೫ · · · ೬

ಚಿಕ್ಕ ಮಕ್ಕಳಿಗಾದ್ದರಿಂದ ಒಂದೊಂದೇ ಅಂಕಿ ಪೂರ್ತಿ ಮುಗಿಯಬೇಕು ಅಂತ ಯೋಚಿಸಿದೆ. ಮೊದಲ ಬಾಗಿಲು ೪. ಬಲ ಮೇಲಿನ ಬಾಕ್ಸ್ ನೋಡಿ. 2ನೇ ಸಾಲಿನಲ್ಲಿ ೪ ಇದೆ, ಹಾಗಾಗಿ ೪ ಮೇಲಿನ ಸಾಲಿಗೇ ಬರಬೇಕು. ಅಲ್ಲಿ 4ನೇ ಕಂಬದಲ್ಲಿ ಕೆಳಗೆ ೪ ಕೂತಿದೆ. ನಡುವಿನ ಮನೆಯಲ್ಲಿ ೨ ಇದೆ. ಉಳಿದದ್ದು ಮೂಲೆ. ಹೀಗೇ ಹೋದರೆ ಆರೂ ೪ ಸಿಗುತ್ತೆ. ಎಡ ನಡುವಿನ ಬಾಕ್ಸ್ ಮಾತ್ರ ಒಂದು ಕ್ಷಣ ಕಾಯಿಸುತ್ತೆ, ಅದಕ್ಕೆ ಕೆಳಗಿನ ಮೂಲೆ ಮೊದಲು ತುಂಬಬೇಕು. ೪ ಮುಗಿದ ಮೇಲೆ ೨, ಆಮೇಲೆ ೫, ಆಮೇಲೆ ೧. ೩, ೬ ಕೊನೆಗೆ ತಾವಾಗಿ ಕೂರುತ್ತವೆ. ಈ ಕ್ರಮ ಬರಲಿ ಅಂತಲೇ ೩, ೬ಕ್ಕೆ ಒಂದೊಂದೇ ಸುಳಿವು ಕೊಟ್ಟು ಉಳಿದವಕ್ಕೆ ಎರಡೆರಡು ಕೊಟ್ಟೆ.

ಕೋಡುಬಳೆ

ಓಡಿಸಿ ನೋಡಿದೆ. ಉತ್ತರ ಒಂದೇ. 6×6ಗೆ 8 ಸುಳಿವೂ ಸಾಕಾಗುತ್ತೆ ಅಂತ ಗೊತ್ತಿದ್ದರಿಂದ ನಿಮ್ಮ 10ರಲ್ಲಿ ಒಂದಾದರೂ ದಂಡ ಇರುತ್ತೆ ಅಂದ್ಕೊಂಡೆ. ಒಂದೊಂದಾಗಿ ತೆಗೆದೆ. ಯಾವುದನ್ನು ತೆಗೆದರೂ ಎರಡನೇ ಉತ್ತರ ಬರ್ತಿದೆ. ಅದು ಹೇಗೆ?

ಗಣಿತಗಂಗೆ

ಬಿಡಿಸಿ ನೋಡಿದರೆ ಮೊದಲ ಎರಡು ಸಾಲು ೩೬೧೫೨೪, ೫೨೪೩೬೧ ಅಂತ ಬರುತ್ತೆ. 1ನೇ, 4ನೇ ಕಂಬದಲ್ಲಿ ೩ ೫ / ೫ ೩. ಪಕ್ಕದ ಎರಡು ಜೋಡಿಯೂ ಹಾಗೇ. ಪ್ರತಿ ಪಟ್ಟಿಯಲ್ಲೂ ಮೂರು ಆಯತ, ಒಟ್ಟು 9. ಒಂದಕ್ಕೊಂದು ತಾಗಲ್ಲ. ಹಾಗಾಗಿ ಈ ಚೌಕಕ್ಕೆ 9ಕ್ಕಿಂತ ಕಡಿಮೆ ಸಾಧ್ಯವೇ ಇಲ್ಲ. 8ರದ್ದು ಬೇಕಾದರೆ ಬೇರೆ ಚೌಕ ಹುಡುಕಬೇಕು.

ಎರಡು ಸುಳಿವು ಸಿಕ್ಕಿರೋದು ನಡುಪಟ್ಟಿಯ ಒಂದೇ ಆಯತಕ್ಕೆ, ಎರಡೂ ೧. ಅದರಲ್ಲಿ 4ನೇ ಸಾಲಿನ ೧ ತೆಗೆದರೆ ಆಯತಕ್ಕೇನೂ ಆಗಲ್ಲ. ಆದರೆ 4, 5ನೇ ಕಂಬದಲ್ಲಿ 2, 4, 6ನೇ ಸಾಲುಗಳಲ್ಲಿ ೩ ೬, ೬ ೧, ೧ ೩ ಇವೆ. ಆರೂ ಮನೆ ಒಟ್ಟಿಗೆ ಅದಲುಬದಲಾಗುತ್ತೆ. ಇನ್ನೊಂದು ೧ ತೆಗೆದರೆ ಎಡಗಡೆ 2, 3ನೇ ಕಂಬದಲ್ಲಿ ಇದೇ ಕಥೆ.

ಕೋಡುಬಳೆ

ಒಪ್ಪಿದೆ ಗುರುಗಳೇ. ಈ ಸಲ ನಿಜವಾಗ್ಲೂ.

ಅಕ್ಷರಗೊಂಬೆ

ಒಂದು ಪ್ರಶ್ನೆ. ಬರೀ ಎರಡು ಸುಳಿವಿನ ಸುಡೊಕು ಅಂತ ಒಂದು ವಿಡಿಯೊ ನೋಡಿದ್ದೆ. 17 ಕನಿಷ್ಠ ಅಂದರೆ ಅದು ಹೇಗೆ?

ಚೌಕಾಬಾರ

ಅದು 'ಮಿರಾಕಲ್ ಸುಡೊಕು'. ಮಿಚೆಲ್ ಲೀ ಅನ್ನೋರು ಮಾಡಿದ್ದು. 2020ರ ಮೇನಲ್ಲಿ 'ಕ್ರ್ಯಾಕಿಂಗ್ ದ ಕ್ರಿಪ್ಟಿಕ್' ಚಾನೆಲ್‌ನಲ್ಲಿ ಸೈಮನ್ ಆಂಥನಿ ಅದನ್ನು ಬಿಡಿಸಿದ್ದರು. ಶುರುವಿನಲ್ಲಿ ಯಾರೋ ತಮಾಷೆ ಮಾಡ್ತಿದ್ದಾರೆ ಅಂತಲೇ ಅವರಿಗೆ ಅನುಮಾನ. ಮಾಮೂಲಿ ನಿಯಮದ ಜೊತೆ ಇನ್ನು ಮೂರು ಇದ್ದವು. ಚೆಸ್‌ನ ರಾಜನ ನಡೆಯಷ್ಟು ದೂರದಲ್ಲಿ ಅದೇ ಅಂಕಿ ಇರಬಾರದು. ಕುದುರೆ ನಡೆಯಷ್ಟು ದೂರದಲ್ಲೂ ಇರಬಾರದು. ಅಕ್ಕಪಕ್ಕ, ಮೇಲೆ ಕೆಳಗೆ ಇರೋ ಮನೆಗಳಲ್ಲಿ 4, 5 ಥರ ಒಂದರ ಹಿಂದಿನದು ಒಂದು ಬರಬಾರದು. ಸುಳಿವಿನ ಕೆಲಸವನ್ನು ನಿಯಮವೇ ಮಾಡುತ್ತೆ. 17 ಅನ್ನೋದು ಮಾಮೂಲಿ ಸುಡೊಕುಗೆ ಮಾತ್ರ.

ಈಗ ಕೈಯಲ್ಲಿ ಮಾಡೋರು ಜಾಸ್ತಿ ಇರೋದು ಈ ಕಡೆಯೇ. ನಮ್ಮಲ್ಲೂ ಇದ್ದಾರೆ. 2017ರಲ್ಲಿ ವಿಶ್ವ ಸುಡೊಕು ಚಾಂಪಿಯನ್‌ಶಿಪ್ ಬೆಂಗಳೂರಿನಲ್ಲೇ ನಡೆದಿತ್ತು. ನಡೆಸಿದ್ದು ಲಾಜಿಕ್ ಮಾಸ್ಟರ್ಸ್ ಇಂಡಿಯಾ. ಅವರ ತಾಣದಲ್ಲಿ ಹಳೆಯ ಸ್ಪರ್ಧೆಗಳ ಸುಡೊಕುಗಳು ಸಿಗುತ್ತವೆ. ಮಾಡೋದು ಕಲಿಯೋಕೆ ಒಳ್ಳೇದನ್ನು ಬಿಡಿಸೋದಕ್ಕಿಂತ ಬೇರೆ ಪಾಠ ಇಲ್ಲ.

ಕರಿಹಲಗೆ

ಬೇಕಾದ್ದಕ್ಕಿಂತ ಜಾಸ್ತಿ ಸಿಕ್ಕಿತು. ಮುಂದಿನ ವಾರ 4×4 ಅಂಕಿಯದ್ದು, ಅದರ ಮುಂದಿನ ವಾರ ಮಡಿಕೇರಿ, ಆಮೇಲೆ 6×6. ಆಯತ ಹುಡುಕೋ ಆಟವನ್ನು 7ನೇ ಕ್ಲಾಸಿನವರಿಗೆ ಬೋರ್ಡ್ ಮೇಲೆ ಮಾಡಿಸ್ತೀನಿ. ಮಕ್ಕಳು ಮಾಡಿದ್ದನ್ನು ಇಲ್ಲಿ ಹಾಕಿದರೆ ಬಿಡಿಸಿ ನೋಡ್ತೀರಾ?

ಸಂಜೆಪೇಪರ್

ಧಾರಾಳವಾಗಿ ಹಾಕಿ. ಉತ್ತರ ಮಾತ್ರ ಕೆಳಗೇ ಬರೆದುಬಿಡಬೇಡಿ.